ಹಳೆಯ ಗ್ರೇಡರೂ ತೋಟದ ದಾರಿಯೂ

ರಸ್ತೆ ಎಂದೊಡನೆ ನಮಗೆ ಸರ್ಕಾರ ನೆನಪಾಗುತ್ತದೆ. ಹೊಂಡ ಬಿದ್ದಾಗ ಬೈಯಲು ಒಬ್ಬ ಎಂಜಿನಿಯರು, ಮನವಿ ಸಲ್ಲಿಸಲು ಒಬ್ಬ ಶಾಸಕರು, ಚುನಾವಣೆಯ ಹೊತ್ತಿಗೆ ಹೊಸದಾಗುವ ಒಂದು ಭರವಸೆ. ಇಷ್ಟು ಪರಿವಾರವಿದ್ದರೆ ಅದು ರಸ್ತೆ. ಈ ಪರಿವಾರ ಯಾವುದೂ ಇಲ್ಲದ ದಾರಿಗಳು ಹಾಸನ ಜಿಲ್ಲೆಯ ಹಳ್ಳಿಗಾಡಿನಲ್ಲಿ ಲೆಕ್ಕವಿಲ್ಲದಷ್ಟಿವೆ. ಹೊಳೆನರಸೀಪುರದಿಂದ ಚನ್ನರಾಯಪಟ್ಟಣಕ್ಕೆ ಹೋಗುವಾಗಲೋ, ಅರಕಲಗೂಡಿನಿಂದ ರಾಮನಾಥಪುರದ ಕಡೆಗೆ ಸಾಗುವಾಗಲೋ ಡಾಂಬರಿನ ಎರಡು ಬದಿಗೂ ಕೆಮ್ಮಣ್ಣಿನ ದಾರಿಗಳು ಒಡೆದು ಹೋಗುವುದನ್ನು ನೀವು ಕಂಡಿರಬಹುದು. ನಾಲ್ಕಾರು ಹೊಲಗಳ ಬದು ಸವರಿಕೊಂಡು, ಒಂದು ಹಳ್ಳ ದಾಟಿ, ತೆಂಗಿನ ತೋಟಗಳ ನಡುವಿನ ಹತ್ತು ಹನ್ನೆರಡು ಮನೆಗಳನ್ನು ಮುಟ್ಟಿ ಅಲ್ಲಿಗೇ ನಿಂತುಬಿಡುವ ದಾರಿಗಳು ಅವು. ಪಂಚಾಯತಿಯ ಪಟ್ಟಿಯಲ್ಲಿ ಅವುಗಳ ಹೆಸರಿಲ್ಲ. ಕೆಲವು ಗ್ರಾಮನಕ್ಷೆಯಲ್ಲಿ ಬಂಡಿಜಾಡೆಂದು ಚುಕ್ಕೆಗೆರೆಯಾಗಿ ಕಾಣಿಸುತ್ತವೆ. ಕೆಲವು ಅಷ್ಟೂ ಕಾಣಿಸುವುದಿಲ್ಲ. ಅಜ್ಜಂದಿರ ಕಾಲದಲ್ಲಿ ಎತ್ತಿನಗಾಡಿ ಹಾಯಲೆಂದು ಬಾಯಿಮಾತಿನಲ್ಲಿ ಬಿಟ್ಟುಕೊಟ್ಟ ಜಾಗ ಇಂದು ಟ್ರ್ಯಾಕ್ಟರನ್ನೂ ಲಾರಿಯನ್ನೂ ಹೊರಬೇಕಾಗಿ ಬಂದಿದೆ.

ಬೇಸಗೆಯಲ್ಲಿ ಈ ದಾರಿಗಳ ಕಷ್ಟ ಧೂಳಿನದು ಮಾತ್ರ. ಮಳೆ ಹಿಡಿದ ಮೇಲೆ ಕಥೆ ಬೇರೆ. ಮುಂಗಾರಿನಲ್ಲಿ ಬಿತ್ತಿದ ಆಲೂಗಡ್ಡೆಯನ್ನು ಅಗೆಯುವುದು ಮಳೆ ಇನ್ನೂ ಬಿಡದ ಆಗಸ್ಟ್, ಸೆಪ್ಟೆಂಬರ್ ತಿಂಗಳುಗಳಲ್ಲಿ. ಅಗೆದ ಗಡ್ಡೆ ಮೂಟೆಯಲ್ಲಿ ಕುಳಿತು ಕಾಯುವ ಪದಾರ್ಥವಲ್ಲ. ಹಾಲಂತೂ ಒಂದು ಹೊತ್ತೂ ಕಾಯದು. ಬೆಳಗಿನ ಹಾಲಿನ ವಾಹನ ಕೆಸರು ಕಂಡು ಡಾಂಬರಿನ ಬಳಿಯೇ ನಿಂತುಬಿಟ್ಟರೆ, ಕ್ಯಾನು ಹೊತ್ತು ಮೂರು ಕಿಲೋಮೀಟರು ನಡೆಯಬೇಕಾದವರು ಯಾರು ಎಂಬುದನ್ನು ಹಳ್ಳಿಯ ಹೆಣ್ಣುಮಕ್ಕಳನ್ನು ಕೇಳಬೇಕು. 108ರ ಆಂಬುಲೆನ್ಸಿನ ಚಾಲಕನೂ ಇಂಥ ದಾರಿಯ ಬಾಯಲ್ಲಿ ನಿಂತು, ರೋಗಿಯನ್ನು ಟ್ರ್ಯಾಕ್ಟರಿನಲ್ಲಿ ಇಲ್ಲಿಯವರೆಗೆ ತನ್ನಿ ಎನ್ನುತ್ತಾನೆ. ಅವನದು ತಪ್ಪೆನ್ನಲಾಗದು, ಗಾಡಿ ಹೂತುಹೋದರೆ ಮುಂದಿನ ಕರೆಗೆ ಹೋಗುವವರಿಲ್ಲ.

2005ರ ಉದ್ಯೋಗ ಖಾತರಿ ಕಾಯಿದೆಯಡಿಯಲ್ಲಿ ‘ನಮ್ಮ ಹೊಲ ನಮ್ಮ ದಾರಿ’ ಎಂಬ ಹೆಸರಿನಲ್ಲಿ ಹೊಲದ ದಾರಿಗಳ ಕೆಲಸ ಕೆಲವೆಡೆ ನಡೆಯಿತು. ಒಳ್ಳೆಯ ಕೆಲಸವೇ. ಆದರೆ ಆ ಕಾಯಿದೆಯ ಮೊದಲ ಉದ್ದೇಶ ಕೂಲಿ ಒದಗಿಸುವುದು. ವೆಚ್ಚದಲ್ಲಿ ನೂರಕ್ಕೆ 60 ಭಾಗವಾದರೂ ಕೂಲಿಗೆ ಸಲ್ಲಬೇಕು, ಯಂತ್ರವನ್ನು ಆದಷ್ಟು ದೂರವಿಡಬೇಕು ಎಂಬುದು ಅದರ ನಿಯಮ. ಒಮ್ಮೆ ಮಣ್ಣು ಹಾಕಿದ ದಾರಿಯನ್ನು ವರ್ಷವರ್ಷವೂ ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆಗೆ ಅಲ್ಲಿ ಉತ್ತರವಿರಲಿಲ್ಲ.

ಹೀಗಿರುವಲ್ಲಿ ಹೊಳೆನರಸೀಪುರದ ಕಡೆಯ ಇಂಥದೊಂದು ದಾರಿಯ ಹನ್ನೆರಡು ಮನೆಯವರು ಈಚೆಗೆ ನನ್ನ ಮುಂದೆ ಒಂದು ಪ್ರಶ್ನೆಯನ್ನಿಟ್ಟರು. ವರ್ಷಕ್ಕೊಮ್ಮೆ ಜೆ.ಸಿ.ಬಿ. ಕರೆಸುತ್ತೇವೆ, ಗಂಟೆಯ ಲೆಕ್ಕದಲ್ಲಿ ದುಡ್ಡು ಕೊಡುತ್ತೇವೆ, ಆರಿದ್ರಾ ಮಳೆ ಬರುವಷ್ಟರಲ್ಲಿ ದಾರಿ ಮೊದಲಿನಂತೆಯೇ ಆಗಿರುತ್ತದೆ. ಈಗ ಒಬ್ಬ ಗುತ್ತಿಗೆದಾರರ ಬಳಿ ಹಳೆಯ ಗ್ರೇಡರೊಂದು ಮಾರಾಟಕ್ಕಿದೆ. ಎಲ್ಲರೂ ಕೂಡಿ ಅದನ್ನು ಕೊಂಡುಬಿಟ್ಟರೆ ಹೇಗೆ?

ಪ್ರಶ್ನೆ ಹುಚ್ಚಿನದಲ್ಲ. ದೊಡ್ಡ ಹೆದ್ದಾರಿಯೊಂದರ ಕೆಲಸ ಮುಗಿದೊಡನೆ ಗುತ್ತಿಗೆದಾರರ ದಣಿದ ಯಂತ್ರಗಳು ಮಾರಾಟಕ್ಕೆ ಬರುತ್ತವೆ. ಸರ್ಕಾರಿ ಇಲಾಖೆಗಳ ಕಾಲ ಮುಗಿದ ಯಂತ್ರಗಳು ಹರಾಜಿಗೆ ಬರುತ್ತವೆ. ಹೊಸದರ ಬೆಲೆಗೆ ಹೋಲಿಸಿದರೆ ಇವುಗಳದು ಅಗ್ಗವೆಂದೇ ತೋರುತ್ತದೆ. ಆದರೆ ಬೆಲೆಯ ಮಾತಿಗೆ ಮೊದಲು ಈ ಯಂತ್ರ ಮಾಡುವ ಕೆಲಸವೇನೆಂಬುದನ್ನು ತಿಳಿಯಬೇಕು. ನಮ್ಮಲ್ಲಿ ಮಣ್ಣು ಮುಟ್ಟುವ ಹಳದಿ ಬಣ್ಣದ ಯಂತ್ರಗಳೆಲ್ಲವೂ ಜೆ.ಸಿ.ಬಿ.ಯೇ ಆಗಿಹೋಗಿವೆ. ವಸ್ತುತಃ ಜೆ.ಸಿ.ಬಿ. ಅಗೆಯುವ, ತುಂಬುವ ಯಂತ್ರ. ಅದರ ಬಕೆಟ್ಟು ಗಾಲಿಗಳಿಗಿಂತ ಮುಂದೆ ಚಾಚಿಕೊಂಡಿರುವುದರಿಂದ ಮುಂದಿನ ಗಾಲಿ ಒಂದು ಗುಂಡಿಗೆ ಇಳಿದರೆ ಬಕೆಟ್ಟು ಅದಕ್ಕಿಂತ ಹೆಚ್ಚು ಇಳಿಯುತ್ತದೆ. ಗಾಲಿ ಏರಿದರೆ ಅದಕ್ಕಿಂತ ಹೆಚ್ಚು ಏರುತ್ತದೆ. ಇದ್ದ ಏರಿಳಿತವನ್ನು ಅದು ಅಳಿಸುವುದಿಲ್ಲ, ಬೇರೆ ಕಡೆ ಬರೆಯುತ್ತದೆ.

ಗ್ರೇಡರಿನ ಬ್ಲೇಡು ಇರುವುದು ಉದ್ದನೆಯ ಚೌಕಟ್ಟಿನ ಹೊಟ್ಟೆಯ ಕೆಳಗೆ, ಮುಂದಿನ ಎರಡು ಗಾಲಿಗಳಿಗೂ ಹಿಂದಿನ ನಾಲ್ಕು ಗಾಲಿಗಳಿಗೂ ನಡುವೆ. ಮುಂದಿನ ಗಾಲಿ ಆರು ಅಂಗುಲದ ದಿಬ್ಬ ಹತ್ತಿದರೆ ನಡುವಿನ ಬ್ಲೇಡು ಅದರ ಅರ್ಧದಷ್ಟು ಮಾತ್ರ ಏರುತ್ತದೆ. ಮುಂದಿನ ಸಲ ಉಳಿದ ಅರ್ಧದ ಅರ್ಧ. ಹೀಗೆ ಹಾದು ಹಾದು ದಾರಿಯನ್ನು ಸಮಕ್ಕೆ ತರುವುದು ಅದರ ಉದ್ದದ ಗುಟ್ಟು. ನಮ್ಮ ಒಕ್ಕಲು ಮಕ್ಕಳಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಕುಂಟೆ ಹೊಡೆದವರಿಗೆ ಗ್ರೇಡರು ದೂರದ ನೆಂಟನೇ. ವ್ಯತ್ಯಾಸವೇನೆಂದರೆ ಕುಂಟೆಯ ಅಲಗು ಸಾಲಿಗೆ ಅಡ್ಡವಾಗಿ ನೇರ ನಿಲ್ಲುತ್ತದೆ, ಗ್ರೇಡರಿನದು ಓರೆಯಾಗಿ ನಿಲ್ಲುತ್ತದೆ. ಓರೆ ನಿಂತ ಬ್ಲೇಡಿನ ಮುಂದೆ ಮಣ್ಣು ಉರುಳುತ್ತಾ ಒಂದು ತುದಿಯಿಂದ ಇನ್ನೊಂದು ತುದಿಗೆ ಸಾಗಿ ಏಣಾಗಿ ಬೀಳುತ್ತದೆ. ಗಾಲಿಗಳ ತುಳಿತಕ್ಕೆ ಅಂಚಿಗೆ ಸಿಡಿದುಹೋದ ಗ್ರಾವೆಲ್ಲನ್ನು ಹೀಗೆ ನಡುವಿಗೆ ಮರಳಿ ತರಬಹುದು. ಇದು ಸಣ್ಣ ಉಪಕಾರವಲ್ಲ. ಮೂರು ಕಿಲೋಮೀಟರು ಉದ್ದ, ಹನ್ನೆರಡು ಅಡಿ ಅಗಲದ ದಾರಿಯ ಮೇಲಿನ ಒಂದು ಅಂಗುಲ ಗ್ರಾವೆಲ್ ಎಂದರೆ, ಟ್ರೇಲರಿಗೆ ಮೂರು ಘನಮೀಟರಿನಂತೆ 90 ಟ್ರೇಲರಿನಷ್ಟು. ಒಂದು ಅಂಗುಲವನ್ನು ಚರಂಡಿಯ ಪಾಲು ಮಾಡಿ ಮತ್ತೆ ಗುಡ್ಡದಿಂದ ತರಿಸುವವರು ಈ ಲೆಕ್ಕವನ್ನೊಮ್ಮೆ ನೋಡಬೇಕು.

ಯಂತ್ರದ ಪೂರ್ವೋತ್ತರವನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಬ್ಲೇಡು ಮಣ್ಣನ್ನು ಪಕ್ಕಕ್ಕೆ ನೂಕಿದರೆ ಮಣ್ಣು ಯಂತ್ರವನ್ನು ಎದುರು ಪಕ್ಕಕ್ಕೆ ನೂಕುತ್ತದೆಯಷ್ಟೆ. ಆ ನೂಕಿಗೆ ಎದೆಗೊಡುವಂತೆ ಗಾಲಿಗಳನ್ನು ಓರೆ ಬಾಗಿಸುವ ಉಪಾಯವನ್ನು ಅಮೆರಿಕದ ಜೆ.ಡಿ. ಆಡಮ್ಸ್ 1885ರಲ್ಲಿ ತಂದರು. ಆಗ ಎಳೆಯುತ್ತಿದ್ದವು ಕುದುರೆಗಳು. ಕ್ಯಾಟರ್‌ಪಿಲ್ಲರ್ ಕಂಪನಿ 1928ರಲ್ಲಿ ರಸೆಲ್ ಎಂಬ ಗ್ರೇಡರ್ ಕಂಪನಿಯನ್ನು ಕೊಂಡು, 1931ರಲ್ಲಿ ತನ್ನ ಎಂಜಿನ್ನಿನಿಂದಲೇ ಚಲಿಸುವ ‘ಆಟೋ ಪೆಟ್ರೋಲ್’ ಅನ್ನು ಹೊರತಂದಿತು. ನಮ್ಮಲ್ಲಿ 1964ರಲ್ಲಿ ಸ್ಥಾಪಿತವಾದ ಭಾರತ್ ಅರ್ತ್ ಮೂವರ್ಸ್ ಸಂಸ್ಥೆ ಗ್ರೇಡರುಗಳನ್ನು ತಯಾರಿಸಿದೆ. ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿಯೂ ಮೈಸೂರಿನಲ್ಲಿಯೂ ಅದರ ಕಾರ್ಖಾನೆಗಳಿರುವುದು ಹಾಸನದವರಿಗೆ ಒಂದು ಅನುಕೂಲವೆಂದೇ ಹೇಳಬೇಕು.

ಈಗ ದಾರಿಯ ವಿಷಯಕ್ಕೆ ಬರೋಣ. ಮಣ್ಣಿನ ದಾರಿಯನ್ನು ಕೆಡಿಸುವುದು ಲಾರಿಯ ಭಾರವೆಂದು ಜನ ಭಾವಿಸುತ್ತಾರೆ. ಒಣಗಿ ಗಟ್ಟಿಯಾದ ಕೆಮ್ಮಣ್ಣು ಸಾಕಷ್ಟು ಭಾರವನ್ನು ಹೊರುತ್ತದೆ. ನೀರು ಕುಡಿದ ಮೇಲೆ ಅದೇ ಮಣ್ಣು ಸೈಕಲ್ಲನ್ನೂ ಹೊರಲಾರದು. ಗೊರೂರಿನಲ್ಲಿ ಹೇಮಾವತಿಯ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡು ನಾಲೆಯ ನೀರು ಹರಿದ ಮೇಲೆ ಈ ಕಷ್ಟಕ್ಕೆ ಹೊಸದೊಂದು ಮುಖ ಬಂದಿತು. ಮೊದಲು ರಾಗಿಯ ಹೊಲಗಳ ನಡುವೆ ಹಾಯುತ್ತಿದ್ದ ಜಾಡು ಮಳೆ ನಿಂತ ಮರುದಿನ ಒಣಗುತ್ತಿತ್ತು. ಎರಡು ಬದಿಯೂ ಗದ್ದೆಯಾದ ಕಡೆಗಳಲ್ಲಿ ದಾರಿಯ ಬುಡ ತಿಂಗಳುಗಟ್ಟಲೆ ಹಸಿಯಾಗಿಯೇ ಇರುತ್ತದೆ. ಮೇಲೆ ಎಷ್ಟು ಗ್ರಾವೆಲ್ ಸುರಿದರೂ ಅದು ಕೆಳಗಿಳಿಯುತ್ತದೆ, ಕೆಸರು ಮೇಲೇಳುತ್ತದೆ.

ನಮ್ಮ ನಾಡಿನಲ್ಲಿ ಕೆರೆ ಕಟ್ಟಿದವರು ಏರಿಯನ್ನು ಕಟ್ಟುವ ಮೊದಲು ಕೋಡಿ ಎಲ್ಲಿ ಎಂದು ನೋಡುತ್ತಿದ್ದರು. ಹೆಚ್ಚಾದ ನೀರಿಗೆ ಹೊರಡಲು ಬಾಯಿ ಬಿಡದೆ ಕಟ್ಟಿದ ಏರಿ ಒಂದು ದೊಡ್ಡ ಮಳೆಯವರೆಗೆ ಮಾತ್ರ ಏರಿ. ದಾರಿಗೂ ಕೋಡಿ ಬೇಕು. ಒಂದಲ್ಲ, ಮಾರುಮಾರಿಗೂ ಬೇಕು. ದಾರಿಯ ಮೈ ಆಮೆಯ ಬೆನ್ನಿನಂತೆ ನಡುವೆ ಉಬ್ಬಿರಬೇಕು, ಉಬ್ಬಿನಿಂದ ಇಳಿದ ನೀರಿಗೆ ಅಂಚಿನಲ್ಲಿ ಚರಂಡಿ ಇರಬೇಕು, ಚರಂಡಿಯ ನೀರು ಎಲ್ಲಿಯಾದರೂ ಹೋಗಿ ಸೇರಬೇಕು. ಸ್ಕಾಟ್ಲೆಂಡಿನ ಮೆಕಾಡಮ್ ಜಲ್ಲಿಯ ರಸ್ತೆಗೆ 30 ಅಡಿಯ ಅಗಲಕ್ಕೆ 3 ಅಂಗುಲದ ಉಬ್ಬು ಸಾಕೆಂದಿದ್ದನು. ಬಿಗಿದ ಜಲ್ಲಿಯ ಮೇಲೆ ನೀರು ಬೇಗ ಜಾರುತ್ತದೆ. ಮಣ್ಣು, ಗ್ರಾವೆಲ್ಲುಗಳಿಗೆ ಅಷ್ಟು ಸಾಲದು. ನೂರಕ್ಕೆ ನಾಲ್ಕರ ಇಳಿಜಾರು ಬೇಕು. ಹನ್ನೆರಡು ಅಡಿಯ ನಮ್ಮ ದಾರಿಯಲ್ಲಿ ನಡು ಭಾಗ ಅಂಚಿಗಿಂತ ಮೂರು ಅಂಗುಲ ಎತ್ತರವಿದ್ದರೆ ಅದು ಸರಿಹೋಗುತ್ತದೆ. ಆ ಮೂರು ಅಂಗುಲವನ್ನು ಮೂರು ಕಿಲೋಮೀಟರ್ ಉದ್ದಕ್ಕೂ ಬಿಡದೆ ಹಿಡಿಯಬಲ್ಲುದಕ್ಕಾಗಿಯೇ ಗ್ರೇಡರಿಗೆ ಈ ಮರ್ಯಾದೆ.

ಆದರೆ ಅಂಚಿಗಿಳಿದ ನೀರು ಯಾರ ಹೊಲಕ್ಕೆ? ಗ್ರೇಡರ್ ಕೊಳ್ಳುವ ಮಾತಿನಲ್ಲಿ ಎಲ್ಲರೂ ಮರೆಯುವ ಪ್ರಶ್ನೆ ಇದು, ಮತ್ತು ನಿಜವಾದ ಪ್ರಶ್ನೆಯೂ ಇದೇ. ಮೂರು ಕಿಲೋಮೀಟರಿನ ಈ ದಾರಿಯ ಮೈಮೇಲೆ ಒಂದು ಅಂಗುಲ ಮಳೆ ಬಿದ್ದರೆ 2,75,000 ಲೀಟರಿಗೂ ಹೆಚ್ಚು ನೀರಾಗುತ್ತದೆ. ಪಕ್ಕದ ಹೊಲಗಳಿಂದ ಹರಿದು ಬರುವುದು ಬೇರೆ. ಇಂದಿನವರೆಗೆ ಆ ನೀರು ದಾರಿಯ ಗುಂಡಿಗಳಲ್ಲಿಯೇ ನಿಂತು ಇಂಗುತ್ತಿತ್ತು. ಅಂದರೆ ದಾರಿಯೇ ಎಲ್ಲರ ಪಾಲಿನ ಕೆರೆಯಾಗಿತ್ತು. ಗ್ರೇಡರು ಬಂದು ದಾರಿಗೆ ಬೆನ್ನು ಮೂಡಿಸಿದ ದಿನದಿಂದ ಆ ನೀರು ಹೊರಡುತ್ತದೆ. ಹೊರಟು ತಗ್ಗಿನಲ್ಲಿರುವವನ ಬಾಗಿಲಿಗೆ ಹೋಗುತ್ತದೆ.

ಆ ಹನ್ನೆರಡು ಮನೆಗಳಲ್ಲಿ ತಗ್ಗಿನವರು ಒಬ್ಬರಿದ್ದರು. ಯಂತ್ರದ ಪಾಲಿನ ಹಣ ಕೊಡಲು ಅವರ ತಕರಾರಿರಲಿಲ್ಲ. “ನೀರು ನಮ್ಮ ಹೊಲಕ್ಕೆ ತಿರುಗಿಸಿದ್ರೆ ಶುಂಠಿ ಕೊಳ್ತುಹೋಗ್ತದಲ್ಲ ಸ್ವಾಮಿ” ಎಂದರು ಅವರು. ಉಳಿದವರು ಅದನ್ನು ಹಟವೆಂದು ತಿಳಿದರು. ನನಗೆ ಹಾಗೆ ತೋರಲಿಲ್ಲ. ಶುಂಠಿಯ ಕೊಳೆರೋಗ ನಿಂತ ನೀರಿನಲ್ಲಿ ಹುಟ್ಟಿ ಹರಿವ ನೀರಿನೊಡನೆ ಪಾತಿಯಿಂದ ಪಾತಿಗೆ ಹಬ್ಬುತ್ತದೆ. ಮೇಲಿನ ಹೊಲದ ರೋಗವನ್ನೂ ಅದೇ ಚರಂಡಿ ಹೊತ್ತು ತರಬಲ್ಲುದು. ಹನ್ನೊಂದು ಮನೆಯ ಅನುಕೂಲಕ್ಕೆ ಒಬ್ಬನ ವರ್ಷದ ಬೆಳೆಯನ್ನು ಒತ್ತೆಯಿಡುವ ದಾರಿ ಬಹುಕಾಲ ಬಾಳುವುದಿಲ್ಲ. ಒಂದು ರಾತ್ರಿ ಅವನೇ ಗುದ್ದಲಿ ತೆಗೆದುಕೊಂಡು ಚರಂಡಿಗೆ ಅಡ್ಡ ಕಟ್ಟೆ ಹಾಕುತ್ತಾನೆ. ಹಾಕಿದರೆ ಅವನನ್ನು ದೂರುವುದು ಹೇಗೆ?

ಉಪಾಯವಿಲ್ಲದೆ ಇಲ್ಲ. ನೀರನ್ನು ಒಂದೇ ಕಡೆ ಒಟ್ಟುಗೂಡಿಸಿ ಬಿಡುವುದರಿಂದ ಕೇಡು. ನೂರು, ನೂರೈವತ್ತು ಅಡಿಗೊಂದರಂತೆ ಸಣ್ಣಸಣ್ಣ ಬಾಯಿಗಳನ್ನು ಬಿಟ್ಟರೆ ಪ್ರತಿಯೊಬ್ಬರಿಗೂ ತಾಳಿಕೊಳ್ಳುವಷ್ಟೇ ಬರುತ್ತದೆ. ತೆಂಗಿನ ತೋಟದವರಿಗೆ ಅದು ಬೇಕಾದದ್ದೇ. ಚನ್ನರಾಯಪಟ್ಟಣದ ಕಡೆ, ನಾಲೆ ಮುಟ್ಟದ ಬೆದ್ದಲಿನವರು ದಾರಿಯ ನೀರನ್ನು ಕೃಷಿಹೊಂಡಕ್ಕೆ ತಿರುಗಿಸಿಕೊಳ್ಳಲು ತಾವಾಗಿಯೇ ಮುಂದೆ ಬಂದಾರು. ಅರಕಲಗೂಡಿನ ಪಶ್ಚಿಮಕ್ಕೆ, ಮಲೆನಾಡಿನ ಸೆರಗು ತಾಕುವ ಹಳ್ಳಿಗಳಲ್ಲಿ ಇದೇ ನೀರನ್ನು ಯಾರೂ ಕೇಳರು. ಅಲ್ಲಿ ಹಳ್ಳದವರೆಗೆ ಚರಂಡಿ ತೆಗೆಯದೆ ಗತಿಯಿಲ್ಲ. ಒಂದೇ ಜಿಲ್ಲೆಯ ಎರಡು ಅಂಚುಗಳಲ್ಲಿ ಒಂದೇ ಚರಂಡಿಗೆ ಎರಡು ಬೆಲೆ.

ಕಾನೂನಿನ ಮಾತೂ ಇಲ್ಲಿಯೇ ಬಂದುಹೋಗಲಿ. 1882ರ ಅನುಭೋಗದ ಹಕ್ಕುಗಳ ಕಾಯಿದೆಯ ಪ್ರಕಾರ, ಪರರ ಜಮೀನಿನ ಮೇಲೆ 20 ವರ್ಷ ಎಡೆಬಿಡದೆ, ಬಹಿರಂಗವಾಗಿ, ಹಕ್ಕೆಂದು ನಡೆದಾಡಿದ ದಾರಿಗೆ ರಕ್ಷಣೆ ದೊರೆಯುತ್ತದೆ. ಆದರೆ ಗಾಡಿಯ ಜಾಡಿಗೆ ದೊರೆತ ಹಕ್ಕು, ಆ ಜಾಡನ್ನು ಚರಂಡಿಸಹಿತ ಹದಿನೆಂಟು ಅಡಿಗೆ ಅಗಲ ಮಾಡುವ ಹಕ್ಕಾಗುವುದಿಲ್ಲ. ಅದಕ್ಕೆ ಒಪ್ಪಿಗೆಯೇ ಬೇಕು, ಅದೂ ಬರಹದಲ್ಲಿ. ಯಾವ ಸರ್ವೆ ನಂಬರಿನಲ್ಲಿ ಚರಂಡಿ, ಯಾವ ಬದಿಗೆ ಇಳಿಜಾರು, ಮೋರಿ ಎಲ್ಲಿ, ಮೋರಿ ಕಟ್ಟಿಕೊಂಡರೆ ಬಿಡಿಸುವ ಹೊಣೆ ಯಾರದು ಎಂಬಿಷ್ಟನ್ನು ಬರೆದು ಸಹಿ ಹಾಕಿದ ಕಾಗದ ಯಂತ್ರದ ರಸೀತಿಗಿಂತ ಬೆಲೆಯುಳ್ಳದ್ದು. ನಮ್ಮ ಹನ್ನೆರಡು ಮನೆಯವರಲ್ಲಿ ಹನ್ನೊಂದು ಮಂದಿ ಸಹಿ ಹಾಕಿದರು. ತಗ್ಗಿನವರು ತಮ್ಮ ಹೊಲದ ತಲೆಯಲ್ಲಿ ಒಂದು ಮೋರಿಯನ್ನು ಮೊದಲು ಕಟ್ಟಿಸಿ, ನೀರು ಹಳ್ಳಕ್ಕೆ ಬೀಳುವುದನ್ನು ಒಂದು ಮಳೆ ನೋಡಿ, ಆಮೇಲೆ ಹಾಕುತ್ತೇನೆಂದರು. ನ್ಯಾಯವಾದ ಷರತ್ತು.

ಇಷ್ಟಾದ ಮೇಲೆ ಯಂತ್ರವನ್ನು ನೋಡಲು ಹೋಗಬಹುದು. ಹೋಗುವಾಗ ಬೆಳಗಿನ ಜಾವವೇ ಹೋಗಬೇಕು. ಎಂಜಿನ್ನನ್ನು ಬೆಚ್ಚಗೆ ಮಾಡಿಡಬೇಡಿ ಎಂದು ಮೊದಲೇ ತಿಳಿಸಬೇಕು. ತಣ್ಣಗಿದ್ದ ಎಂಜಿನ್ನು ಎಷ್ಟು ಹೊತ್ತಿಗೆ ಹಿಡಿಯುತ್ತದೆ, ಬಿಸಿಯಾದ ಮೇಲೂ ನೀಲಿ ಹೊಗೆ ಬಿಡುತ್ತದೆಯೆ ಎಂದು ನೋಡಬೇಕು. ನೀಲಿ ಹೊಗೆ ಎಂದರೆ ಎಂಜಿನ್ನು ಡೀಸೆಲ್ಲಿನೊಡನೆ ತನ್ನ ಎಣ್ಣೆಯನ್ನೂ ಸುಡುತ್ತಿದೆ ಎಂದರ್ಥ. ಮೀಟರು ತೋರಿಸುವ ಗಂಟೆಗಳನ್ನು ನಂಬುವುದಕ್ಕಿಂತ ಪೆಡಲಿನ ರಬ್ಬರು ಸವೆದಿರುವುದನ್ನು ನಂಬುವುದು ಮೇಲು. ಹೊಸ ಬಣ್ಣ ಬಳಿದಿದ್ದರೆ ಸಂತೋಷಪಡಬೇಡಿ. ಬಣ್ಣದ ಕೆಳಗೆ, ಮುಂದಿನ ಉದ್ದನೆಯ ಕತ್ತಿನ ಬಳಿಯಲ್ಲಿ, ವೆಲ್ಡಿಂಗಿನ ಗಾಯಗಳಿವೆಯೆ ಎಂದು ಬೆರಳಾಡಿಸಿ ನೋಡಿ.

ಬ್ಲೇಡನ್ನು ಎತ್ತಿ ನಿಲ್ಲಿಸಿ, ಎಂಜಿನ್ನು ಆರಿಸಿ, ಒಂದು ಲೋಟ ಕಾಫಿ ಕುಡಿದು ಬನ್ನಿ. ಬರುವಷ್ಟರಲ್ಲಿ ಬ್ಲೇಡು ಇಳಿದಿದ್ದರೆ ಹೈಡ್ರಾಲಿಕ್ ಸಿಲಿಂಡರುಗಳ ಸೀಲುಗಳೋ ವಾಲ್ವುಗಳೋ ಸೋರುತ್ತಿವೆ. ಆಮೇಲೆ ಬ್ಲೇಡಿನ ತುದಿಯನ್ನು ಹಿಡಿದು ಇಬ್ಬರು ಅಲ್ಲಾಡಿಸಬೇಕು. ಬ್ಲೇಡು ತೂಗುವುದು ಸರ್ಕಲ್ ಎಂದು ಕರೆಯುವ, ಒಳಗೆ ಹಲ್ಲುಗಳಿರುವ ದೊಡ್ಡ ಬಳೆಯೊಂದರ ಕೆಳಗೆ. ಆ ಬಳೆಯನ್ನು ಹಿಡಿದಿರುವ ತುಂಡುಗಳು ಸವೆದಿದ್ದರೆ ಬ್ಲೇಡಿನ ತುದಿ ಅಂಗುಲಗಟ್ಟಲೆ ಆಡುತ್ತದೆ. ಅಂಥ ಯಂತ್ರ ದಾರಿಯನ್ನು ಸಮಮಾಡುವ ಬದಲು ತಗಡಿನ ಶೀಟಿನಂತೆ ಅಲೆಯಲೆಯಾಗಿ ಮಾಡುತ್ತದೆ. ನಾನು ನೋಡಿದ ಮಟ್ಟಿಗೆ ಕೊಳ್ಳುವವರು ಎಂಜಿನ್ನಿನ ಸದ್ದಿಗೆ ಮರುಳಾಗಿ ಈ ಬಳೆಯತ್ತ ಕಣ್ಣೆತ್ತಿಯೂ ನೋಡುವುದಿಲ್ಲ. ಎಂಜಿನ್ನನ್ನು ಬಿಚ್ಚಿ ಕೂಡಿಸುವ ಮೇಸ್ತ್ರಿಗಳು ಹಾಸನದಲ್ಲಿ ಸಿಕ್ಕಾರು. ಸರ್ಕಲ್ ರಿಪೇರಿಗೆ ಮೈಸೂರು, ಬೆಂಗಳೂರು ಅಲೆಯಬೇಕಾದೀತು.

ಹಿಂದಿನ ನಾಲ್ಕು ಗಾಲಿಗಳಿಗೆ ಶಕ್ತಿ ಒಯ್ಯುವ ಚೈನುಗಳು ಎರಡು ಪೆಟ್ಟಿಗೆಗಳೊಳಗೆ ಎಣ್ಣೆಯಲ್ಲಿ ಮುಳುಗಿರುತ್ತವೆ. ಪೆಟ್ಟಿಗೆಯ ತಳದ ಎಣ್ಣೆಯನ್ನು ಸ್ವಲ್ಪ ಬಸಿದು ಬೆರಳಿನಲ್ಲಿ ತಿಕ್ಕಿದರೆ ಕಬ್ಬಿಣದ ರಜ ತಾಕುತ್ತದೆಯೆ ನೋಡಿ. ಟೈರುಗಳು ಆರು; ಆರೂ ಬೋಳಾಗಿದ್ದರೆ ಯಂತ್ರದ ಬೆಲೆಯೊಡನೆ ಆರು ಟೈರಿನ ಬೆಲೆಯನ್ನೂ ಕೂಡಿಸಿಯೇ ಚೌಕಾಶಿ ಮಾಡಬೇಕು. ಬ್ಲೇಡಿನ ಕೆಳಗೆ ಬೋಲ್ಟು ಹಾಕಿ ಬಿಗಿದ ಅಂಚುಪಟ್ಟಿ ಸವೆಯುವುದಕ್ಕೆಂದೇ ಇರುವುದು, ಅದು ಹೋದರೆ ಹೋಯಿತು. ಅದು ಹೋದ ಮೇಲೂ ಓಡಿಸಿ ಬ್ಲೇಡಿನ ಮೈಯನ್ನೇ ಸವೆಸಿದ್ದರೆ ಆ ಮಾಲೀಕರು ಯಂತ್ರವನ್ನು ಹೇಗೆ ಸಾಕಿದರೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಕಾಗದಪತ್ರಗಳನ್ನು ಹಗುರವಾಗಿ ಕಾಣಬಾರದು. ಕೇಂದ್ರ ಮೋಟಾರು ವಾಹನ ನಿಯಮಗಳು ಗ್ರೇಡರನ್ನು ಹೆಸರಿಸಿಯೇ ನಿರ್ಮಾಣ ಸಲಕರಣೆಯ ವಾಹನವೆಂದು ಕರೆದಿವೆ. ಆದ್ದರಿಂದ ನೋಂದಣಿಯ ಪುಸ್ತಕ, ವಿಮೆ, ಎಂಜಿನ್ ಮತ್ತು ಛಾಸಿಗಳ ನಂಬರು ಒಂದಕ್ಕೊಂದು ತಾಳೆಯಾಗಬೇಕು. ಮಾಲೀಕತ್ವ ವರ್ಗಾವಣೆಗೆ 29 ಮತ್ತು 30ನೆಯ ನಮೂನೆಗಳು, ಸಾಲದ ಮೇಲೆ ಕೊಂಡ ಯಂತ್ರವಾಗಿದ್ದರೆ ಸಾಲ ತೀರಿತೆಂಬ 35ನೆಯ ನಮೂನೆ ಕೈಗೆ ಬರಬೇಕು. ತೋಟದೊಳಗೇ ಓಡಿಸುವುದಕ್ಕೆ ಇದೆಲ್ಲ ಏಕೆ ಎನ್ನುವವರುಂಟು. ಡಾಂಬರನ್ನು ದಾಟದೆ ಯಾವ ಗ್ರೇಡರೂ ಒಂದು ತೋಟದಿಂದ ಇನ್ನೊಂದು ತೋಟಕ್ಕೆ ಹಾರಿ ಹೋಗುವುದಿಲ್ಲ.

ಇನ್ನು ಕೊಳ್ಳಬೇಕೆ, ಬೇಡವೆ? ದಿನಗಳ ಲೆಕ್ಕ ಹಾಕೋಣ. ಕೆಟ್ಟ ದಾರಿಯನ್ನು ಹಲ್ಲುಗಳಿಂದ ಕೆದರಿ, ಅಂಚಿನ ಮಣ್ಣನ್ನು ಒಳಗೆಳೆದು, ಬೆನ್ನು ಮೂಡಿಸಲು ಸುಮಾರು ಎಂಟು ಸಲ ಹಾಯಬೇಕೆಂದಿಟ್ಟುಕೊಳ್ಳಿ. ಮೂರು ಕಿಲೋಮೀಟರಿಗೆ ಅದು 24 ಕಿಲೋಮೀಟರಿನ ಓಟ. ಗಂಟೆಗೆ ಐದು ಕಿಲೋಮೀಟರಿನ ನಿಧಾನದಲ್ಲಿ ಐದು ಗಂಟೆ, ತಿರುಗಿಸುವುದೂ ಸೇರಿ ಒಂದು ದಿನ. ವರ್ಷಕ್ಕೆ ಎರಡು ಸಲ ಮಾಡಿದರೆ ಎರಡು ದಿನ. ಉಳಿದ 363 ದಿನ ಆ ಹನ್ನೆರಡು ಹದಿನೈದು ಟನ್ನಿನ ಕಬ್ಬಿಣ ಹುಣಸೆಮರದ ಕೆಳಗೆ ನಿಂತಿರುತ್ತದೆ. ಬ್ಯಾಟರಿ ಸಾಯುತ್ತದೆ, ವೈರುಗಳನ್ನು ಇಲಿ ಕಡಿಯುತ್ತದೆ, ಸೀಲುಗಳು ಒಣಗಿ ಬಿರಿಯುತ್ತವೆ. ಹಳೆಯ ಯಂತ್ರ ದುಡಿದು ಸಾಯುವುದಕ್ಕಿಂತ ನಿಂತು ಸಾಯುವುದೇ ಹೆಚ್ಚು. ಹನ್ನೆರಡು ಮನೆಗೆ ಒಂದು ಗ್ರೇಡರು ಖಂಡಿತ ಹೆಚ್ಚಾಯಿತು. ಅದೇ ಹೋಬಳಿಯ ಇಪ್ಪತ್ತೈದು ದಾರಿಗಳವರು ಕೂಡಿದರೆ ವರ್ಷಕ್ಕೆ ಐವತ್ತು ದಿನದ ಕೆಲಸವಾಗುತ್ತದೆ. ಆಗ ಮಾತು ಬೇರೆ. ಹಳ್ಳಿಹಳ್ಳಿಗೂ ಹಾಲು ಉತ್ಪಾದಕರ ಸಹಕಾರ ಸಂಘವನ್ನು ನಡೆಸಿ, ಲೀಟರಿನ ಲೆಕ್ಕವನ್ನೂ ಜಿಡ್ಡಿನ ಲೆಕ್ಕವನ್ನೂ ತಪ್ಪದೆ ಇಡುವ ಜನಕ್ಕೆ ಗಂಟೆಯ ಲೆಕ್ಕ ಇಡುವುದು ದೊಡ್ಡದಲ್ಲ. ದೊಡ್ಡದಾದ ತೊಡಕು ಇನ್ನೊಂದಿದೆ: ಎಲ್ಲರಿಗೂ ಯಂತ್ರ ಬೇಕಾಗುವುದು ಅದೇ ಹದಿನೈದು ದಿನಗಳಲ್ಲಿ. ಸರದಿಯನ್ನು ಚೀಟಿಯೆತ್ತಿ ಮೊದಲೇ ಗೊತ್ತುಮಾಡದಿದ್ದರೆ ಯಂತ್ರದ ಜೊತೆಗೆ ಜಗಳವೂ ಮನೆಗೆ ಬರುತ್ತದೆ.

ಯಂತ್ರಕ್ಕಿಂತ ದುರ್ಲಭನಾದವನು ಅದನ್ನು ಓಡಿಸುವವನು. ಜೆ.ಸಿ.ಬಿ. ಓಡಿಸುವ ಹುಡುಗರು ಊರೂರಿಗೂ ಇದ್ದಾರೆ. ಗ್ರೇಡರನ್ನು ಬಲ್ಲವರು ಕಡಮೆ. ಬ್ಲೇಡಿನ ಎರಡು ತುದಿಗಳ ಎತ್ತರ, ಅದರ ಓರೆ, ಅದರ ಬಾಗು, ಗಾಲಿಗಳ ಬಾಗು, ಇಷ್ಟನ್ನೂ ಎರಡು ಕೈಗಳಲ್ಲಿ ಒಂದೇ ಕಾಲಕ್ಕೆ ನಡೆಸಬೇಕು. ಮೂರು ಅಂಗುಲದ ಉಬ್ಬನ್ನು ಅವನು ಕಾಣುವುದು ಕಣ್ಣಿನಿಂದಲ್ಲ, ಕುಳಿತ ಸೀಟಿನಿಂದ ಎಂದು ಬಲ್ಲವರು ಹೇಳುತ್ತಾರೆ. ಹೆದ್ದಾರಿಯ ಕೆಲಸದಲ್ಲಿಯೋ ಇಲಾಖೆಯಲ್ಲಿಯೋ ವರ್ಷಗಟ್ಟಲೆ ಕುಳಿತು ನಿವೃತ್ತನಾದ ಹಿರಿಯನೊಬ್ಬ ಸಿಕ್ಕಿದರೆ, ಅವನ ಮಾತನ್ನು ಕೇಳಿ ಯಂತ್ರ ಆರಿಸಬೇಕೇ ಹೊರತು ಯಂತ್ರ ಕೊಂಡು ಅವನನ್ನು ಹುಡುಕಬಾರದು.

ಸದ್ಯಕ್ಕೆ ಆ ಹನ್ನೆರಡು ಮನೆಯವರಿಗೆ ನಾನು ಹೇಳಿದ್ದು ಇಷ್ಟು: ಗ್ರೇಡರನ್ನು ಒಮ್ಮೆ ಬಾಡಿಗೆಗೆ ತಂದು ದಾರಿಗೆ ಆಕಾರ ಕೊಡಿಸಿ; ಕೊಟ್ಟ ಆಕಾರವನ್ನು ನಿಮ್ಮ ಟ್ರ್ಯಾಕ್ಟರಿನಿಂದಲೇ ಉಳಿಸಿಕೊಳ್ಳಿ. ಇದು ಹೊಸ ಮಾತಲ್ಲ. ಅಮೆರಿಕದ ಮಿಸೌರಿ ಪ್ರಾಂತದಲ್ಲಿ ವಾರ್ಡ್ ಕಿಂಗ್ ಎಂಬ ರೈತ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮರದ ದಿಮ್ಮಿಯೊಂದನ್ನು ಉದ್ದಕ್ಕೆ ಸೀಳಿ, ಎರಡು ಹೋಳುಗಳನ್ನು ಎರಡೂವರೆ ಅಡಿ ಅಂತರದಲ್ಲಿ ಜೋಡಿಸಿ, ಮಳೆ ನಿಂತ ಹಸಿಯಲ್ಲಿ ಕುದುರೆ ಕಟ್ಟಿ ದಾರಿಯ ಮೇಲೆ ಓರೆಯಾಗಿ ಎಳೆಸಿದನು. ದಾರಿ ಸುಧಾರಿಸಿದ್ದನ್ನು ಕಂಡ ಆ ದೇಶದ ಕೃಷಿ ಇಲಾಖೆ 1908ರಲ್ಲಿ ಆ ದಿಮ್ಮಿಯ ಬಳಕೆಯ ಮೇಲೆಯೇ ರೈತರಿಗೊಂದು ಪುಸ್ತಿಕೆಯನ್ನು ಅಚ್ಚು ಹಾಕಿಸಿತು. ತೆಂಗಿನ ದಿಮ್ಮಿ ಈ ಕೆಲಸಕ್ಕೆ ಬಾರದು, ನಾರು ನಾರಾಗಿ ಎದ್ದುಹೋಗುತ್ತದೆ. ಹಳೆಯ ಕಬ್ಬಿಣದ ಗರ್ಡರಿನ ಎರಡು ತುಂಡುಗಳಾದರೆ ಉತ್ತಮ. ಆಳವಾದ ಅಲೆಗಳನ್ನು ಅದು ಕತ್ತರಿಸಲಾರದು, ನಿಜ. ಅಲೆ ಆಳವಾಗುವವರೆಗೆ ಬಿಡದಿರುವುದಕ್ಕೆ ಅದು ಸಾಕು.

ಗ್ರೇಡರು ಬರುವ ಮುನ್ನ ಮಾಡಬೇಕಾದ ಕೆಲವು ಸಣ್ಣ ಕೆಲಸಗಳಿವೆ. ದಾರಿಯ ಕೊನೆಯಲ್ಲಿ ಅದು ತಿರುಗಲು ಐವತ್ತು ಅಡಿಯ ಬಯಲು ಬೇಕು. ಅಂಚಿಗೆ ಬಾಗಿದ ತೆಂಗಿನ ಗರಿಗಳನ್ನೂ ಜೋತುಬಿದ್ದ ಕರೆಂಟಿನ ತಂತಿಯನ್ನೂ ನೋಡಿಕೊಳ್ಳಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಬೋರ್‌ವೆಲ್ಲಿನಿಂದ ಆಚೆ ಬದಿಯ ತೋಟಕ್ಕೆ ದಾರಿಯನ್ನು ಅಡ್ಡ ಹಾಯ್ದು ಅರ್ಧ ಅಡಿಯ ಆಳದಲ್ಲಿ ಹೂತಿಟ್ಟ ಪಿ.ವಿ.ಸಿ. ಪೈಪುಗಳು ಎಲ್ಲೆಲ್ಲಿವೆ ಎಂದು ಪ್ರತಿಯೊಬ್ಬರೂ ಗುರುತು ಹಾಕಬೇಕು. ಬ್ಲೇಡಿಗೆ ಪೈಪೂ ಬೇರೂ ಒಂದೇ.

ಕಾಲದ ವಿಷಯದಲ್ಲಿ ಪಂಚಾಂಗವೇ ಒಳ್ಳೆಯ ಗುರು. ಬಿರುಬೇಸಗೆಯ ಒಣಮಣ್ಣನ್ನು ಕೆರೆದರೆ ಧೂಳಾಗಿ ಹಾರಿಹೋಗುತ್ತದೆ; ಆರಿದ್ರೆಯ ಕೆಸರಿನಲ್ಲಿ ಕೆರೆದರೆ ಮುದ್ದೆಯಾಗಿ ಬ್ಲೇಡಿಗೆ ಮೆತ್ತುತ್ತದೆ. ಮೇ ತಿಂಗಳ ಭರಣಿ, ಕೃತ್ತಿಕೆಗಳ ನಾಲ್ಕು ಹನಿ ಬಿದ್ದು, ಮುಷ್ಟಿಯಲ್ಲಿ ಹಿಡಿದ ಮಣ್ಣು ಉಂಡೆ ಕಟ್ಟುವ ಹದಕ್ಕೆ ಬಂದಾಗ ಒಮ್ಮೆ. ಚಿತ್ತೆ, ಸ್ವಾತಿಗಳು ಕಳೆದು ಭೂಮಿ ಇನ್ನೂ ಹಸಿಯಿರುವಾಗ ಇನ್ನೊಮ್ಮೆ. ಕೆರೆದ ಮೇಲೆ ರೋಲರು ಇಲ್ಲದಿದ್ದರೆ ಮಣ್ಣು ತುಂಬಿದ ಟ್ರೇಲರುಗಳನ್ನು ಒಂದೇ ಜಾಡಿನಲ್ಲಿ ಬಿಡದೆ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಸರಿಸಿ ಸರಿಸಿ ಇಡೀ ಅಗಲವನ್ನು ತುಳಿಸಬೇಕು. ಮೊದಲ ದೊಡ್ಡ ಮಳೆ ಹುಯ್ಯುತ್ತಿರುವಾಗಲೇ ಮನೆಗೊಬ್ಬರಂತೆ ಗುದ್ದಲಿ ಹಿಡಿದು, ಗೊಪ್ಪೆ ಹಾಕಿಕೊಂಡು ದಾರಿಯ ಉದ್ದಕ್ಕೂ ನಡೆಯಬೇಕು. ನೀರು ನಿಂತ ಕಡೆಯಲ್ಲೆಲ್ಲ ಒಂದೊಂದು ಗೂಟ ನೆಡಬೇಕು. ಮುಂದಿನ ಸಲ ಗ್ರೇಡರು ಬಂದಾಗ, ಬ್ಲೇಡನ್ನು ಎಲ್ಲಿ ಒತ್ತಬೇಕು, ಎಲ್ಲಿ ಎತ್ತಬೇಕು ಎಂದು ಆಪರೇಟರಿಗೆ ತೋರಿಸಲು ಆ ಗೂಟಗಳೇ ಸಾಕು.